ಗಡಿನಾಡಿನ ಪ್ರತಿಭಾವಂತ ಮಕ್ಕಳಿಗೆ ದಾರಿ ಯಾವುದು?

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬುದು ನಮ್ಮ ಹಿರಿಯರ ಮಾತು. ಮೊಳಕೆಯನ್ನು ಕಂಡಮಾತ್ರಕ್ಕೆ ಬೆಳೆ ಕೈಸೇರುವುದಿಲ್ಲವೆಂಬುದನ್ನು ಮಾತ್ರ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಡವನು ಬೇಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ನೀರು ಹಾಯಿಸಬೇಕು, ಕಳೆ ತೆಗೆಯಬೇಕು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇಂತಹ ಮೊಳಕೆಗಳಿಗೆ ಎಂದೂ ಕೊರತೆಯಿಲ್ಲ. ಬೇಲಿ ಕಟ್ಟುವವರಿಗೆ, ನೀರು ಹಾಯಿಸುವವರಿಗೆ ಕೊರತೆಯಿದೆ. ಆ ಕೊರತೆಯನ್ನು ಕುರಿತು ಈ ಸಂಚಿಕೆಯಲ್ಲಿ ಬಂಧುಗಳೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಗಡಿಯ ಒಂದು ಹಳ್ಳಿ. ಐದನೆಯ ತರಗತಿಯ ಹುಡುಗಿಯೊಬ್ಬಳು ಏಳನೆಯವರ ಲೆಕ್ಕಗಳನ್ನು ಕಿಟಕಿಯಾಚೆಯಿಂದ ಕೇಳಿಯೇ ಬಿಡಿಸುತ್ತಾಳೆ. ಗ್ರಹಣ ಏಕೆ ಪ್ರತಿ ಹುಣ್ಣಿಮೆಗೂ ಆಗುವುದಿಲ್ಲವೆಂದು ಕೇಳಿ ಮಾಸ್ತರರನ್ನು ತಬ್ಬಿಬ್ಬುಗೊಳಿಸುತ್ತಾಳೆ. ಪ್ರಾಮಾಣಿಕರಾದ ಆ ಮಾಸ್ತರರು ಒಂದು ಸಂಜೆ ಅವಳ ಮನೆಗೆ ಹೋಗಿ, ತಂದೆಯನ್ನು ಕರೆದು, “ಅಣ್ಣಾ, ಈ ಹುಡುಗಿಗೆ ನಾನು ಕಲಿಸುವುದು ಸಾಲದು, ಇವಳಿಗೆ ದೊಡ್ಡ ಶಾಲೆ ಬೇಕು” ಎನ್ನುತ್ತಾರೆ. ತಂದೆ, “ಯಾವ ಶಾಲೆ, ಮಾಸ್ತರರೇ? ಎಲ್ಲಿದೆ? ಎಷ್ಟು ಖರ್ಚು?” ಎಂದು ಕೇಳುತ್ತಾನೆ. ಈ ಮೂರು ಪ್ರಶ್ನೆಗಳಿಗೆ ಮಾಸ್ತರರಲ್ಲಿ ಉತ್ತರವಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡು ವರ್ಷಗಳ ಬಳಿಕ ಆ ಹುಡುಗಿ ಬೀಡಿ ಕಟ್ಟುತ್ತಿರುತ್ತಾಳೆ, ಇಲ್ಲವೆ ಪೇಟೆಯ ಯಾವುದೋ ಶಾಲೆಯ ಹಿಂದಿನ ಬೆಂಚಿನಲ್ಲಿ ಪರಭಾಷೆಯ ಪಾಠಕ್ಕೆ ಕಿವಿಗೊಟ್ಟು ಮೂಕಳಾಗಿ ಕುಳಿತಿರುತ್ತಾಳೆ. ಇದು ಯಾವ ಒಂದು ಊರಿನ ಕಥೆಯೂ ಅಲ್ಲ. ಮಂಜೇಶ್ವರದಿಂದ ಜತ್ತದವರೆಗೆ, ತಾಳವಾಡಿಯಿಂದ ಆದವಾನಿಯವರೆಗೆ ಯಾವ ಉಪಾಧ್ಯಾಯರನ್ನು ಕೇಳಿದರೂ ಇಂತಹ ಒಬ್ಬ ವಿದ್ಯಾರ್ಥಿಯ ಮುಖ ಅವರ ಕಣ್ಣಮುಂದೆ ಬಾರದಿರದು.

ಮಗುವಿನ ಹತ್ತರಿಂದ ಹದಿಮೂರನೆಯ ವಯಸ್ಸಿನ ನಡುವಿನ ಈ ಕಾಲವೇ ಕೈತಪ್ಪಿ ಹೋಗುವ ಕಾಲವೆಂಬುದಕ್ಕೆ ಕಾರಣವಿದೆ. ಶಾಲೆಗಳ ಏರ್ಪಾಡೇ ಈ ವಯಸ್ಸಿನಲ್ಲಿ ಮುರಿಯುತ್ತದೆ. ಕೇರಳದಲ್ಲಿ ನಾಲ್ಕನೆಯ ತರಗತಿಗೆ ಕೆಳ ಪ್ರಾಥಮಿಕವೂ ಏಳನೆಯದಕ್ಕೆ ಮೇಲು ಪ್ರಾಥಮಿಕವೂ ಮುಗಿಯುತ್ತವೆ. ತಮಿಳುನಾಡಿನಲ್ಲಿ ಐದಕ್ಕೆ ಒಂದು ಹಂತ, ಎಂಟಕ್ಕೆ ಇನ್ನೊಂದು. ಆಂಧ್ರ ಮತ್ತು ತೆಲಂಗಾಣಗಳಲ್ಲಿ ಆರನೆಯ ತರಗತಿಯಿಂದಲೇ ಪ್ರೌಢಶಾಲೆಯ ಮೆಟ್ಟಿಲು. ಮುಂಬಯಿ ಪ್ರಾಂತದ ಕಾಲದ ನಮ್ಮ ಅಜ್ಜಂದಿರಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೇ ವಿದ್ಯೆಯ ಶಿಖರವಾಗಿತ್ತು. ಇಂದು ಅದು ಶಿಖರವಲ್ಲ, ಬರಿಯ ಹೊಸ್ತಿಲು. ಊರಿನ ಕನ್ನಡ ಶಾಲೆ ಮುಗಿಯುವಲ್ಲಿ ಮುಂದಿನ ಕನ್ನಡ ಶಾಲೆ ಹತ್ತಿರದಲ್ಲಿಲ್ಲದಿದ್ದರೆ ಮಗು ಒಂದೇ ದಿನದಲ್ಲಿ ಊರನ್ನೂ ಭಾಷೆಯನ್ನೂ ಬದಲಿಸಬೇಕಾಗುತ್ತದೆ. ಸಾಮಾನ್ಯ ವಿದ್ಯಾರ್ಥಿಗೆ ಇದು ಕಷ್ಟ. ಪ್ರತಿಭಾವಂತನಿಗೆ ಅವಮಾನವೂ ಹೌದು. ನಿನ್ನೆ ತರಗತಿಗೆ ಮೊದಲಿಗನಾಗಿದ್ದವನು ಇಂದು ಪ್ರಶ್ನೆಯೇ ಅರ್ಥವಾಗದೆ ತಲೆ ತಗ್ಗಿಸುತ್ತಾನೆ.

ಇಂತಹ ಸಮಯದಲ್ಲಿ ಹಳ್ಳಿಯಲ್ಲಿ ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. “ಮಗು ಜಾಣನಿದ್ದಾನೆ, ಕನ್ನಡ ಶಾಲೆಯಲ್ಲಿಟ್ಟು ಅವನ ಭವಿಷ್ಯವನ್ನು ಕೆಡಿಸಬೇಡಿ, ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಶಾಲೆಗೆ ಹಾಕಿ” ಎಂಬುದು ಮೊದಲನೆಯದು. “ಜಾಣರೆಲ್ಲ ಹೊರಟುಹೋದರೆ ನಮ್ಮ ಕನ್ನಡ ಶಾಲೆ ಉಳಿಯುವುದು ಹೇಗೆ? ಅವನನ್ನು ಇಲ್ಲಿಯೇ ಇರಿಸಿ” ಎಂಬುದು ಎರಡನೆಯದು. ಎರಡನ್ನೂ ಹೇಳುವವರು ಸಜ್ಜನರೇ. ಆದರೂ ಎರಡೂ ತಪ್ಪೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದು ನಮ್ಮವರೇ ಆಡುವ ಮಾತು. ಅದರ ಹಿಂದಿನ ಭಯ ಸುಳ್ಳಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೆಯ ದಿನದ ಮಕ್ಕಳ ಎಣಿಕೆಯ ಮೇಲೆ ಉಪಾಧ್ಯಾಯರ ಹುದ್ದೆಗಳು ನಿರ್ಣಯವಾಗುತ್ತವೆ. ಕೆಲವು ಮಕ್ಕಳು ಕಡಮೆಯಾದರೆ ಒಂದು ವಿಭಾಗ ಹೋಗುತ್ತದೆ. ವಿಭಾಗದೊಡನೆ ಒಂದು ಕನ್ನಡ ಹುದ್ದೆ ಹೋಗುತ್ತದೆ. ಹೋದ ಹುದ್ದೆಯನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಇಷ್ಟಾದರೂ ನಾವು ಕೇಳುವ ಪ್ರಶ್ನೆಯೊಂದಿದೆ. ಹಾಜರಿ ಪುಸ್ತಕದ ಒಂದು ಅಂಕಿಯಾಗಿ ಉಳಿಯಲೆಂದು ಒಂದು ಮಗುವಿನ ವಿದ್ಯೆಯನ್ನು ಕುಂಠಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಗಡಿಯ ಪ್ರಶ್ನೆ 1956ರಿಂದ ಕಾಯುತ್ತಿದೆ. ಮಹಾಜನ ಆಯೋಗದ ವರದಿ 1967ರಲ್ಲಿ ಬಂದು ಅರ್ಧ ಶತಮಾನ ದಾಟಿತು. ನಾವು ಇನ್ನೂ ಕಾಯಬಲ್ಲೆವು. ಮಗುವಿನ ಹತ್ತನೆಯ ವರ್ಷ ಕಾಯುವುದಿಲ್ಲ. ಮಗು ನಮ್ಮ ಹೋರಾಟದ ಆಯುಧವಲ್ಲ. ಅದರ ಫಲವನ್ನು ಉಣ್ಣಬೇಕಾದ ಹಕ್ಕುದಾರ. ಈ ಮಾತನ್ನು ಮರೆತ ಭಾಷಾಭಿಮಾನ ಅಭಿಮಾನವೆನಿಸದು.

ಇನ್ನು ಮೊದಲನೆಯ ಸಲಹೆ. ಪ್ರತಿಭೆಗೂ ಕನ್ನಡ ಮಾಧ್ಯಮಕ್ಕೂ ವೈರವೆಂಬ ಭಾವನೆ ಅದರ ಬುಡದಲ್ಲಿದೆ. ಇದಕ್ಕೆ ಉತ್ತರವಾಗಿ ನಮ್ಮ ಗಡಿಯ ಅಂಚಿನಲ್ಲಿಯೇ ಬೆಳೆದ ಒಬ್ಬರ ಜೀವನವನ್ನು ನೆನೆಯೋಣ. ಹಿಂದೂಪುರಕ್ಕೆ ಸಮೀಪದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಊರಿನ ಶಾಲೆಯಲ್ಲಿಯೇ ಓದಿದರು. ಅಲ್ಲಿ ಪ್ರೌಢಶಾಲೆಯಿರಲಿಲ್ಲ. 1935ರಲ್ಲಿ ರೈಲಿನ ಖರ್ಚಿಗೂ ಹಣವಿಲ್ಲದೆ ಆ ಹುಡುಗ ಎರಡು ದಿನ ನಡೆದು ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಸೇರಿದ. ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ನಾಡಿಗೆ ಬೆಳಕಾದರು. ಅವರನ್ನು ಮೇಲೆತ್ತಿದ್ದು ಮೂರು ಸಂಗತಿಗಳು: ಅರ್ಥವಾಗುವ ಭಾಷೆಯಲ್ಲಿ ದೊರೆತ ಗಟ್ಟಿಯಾದ ಆರಂಭ, ಹುಡುಗನನ್ನು ಗುರುತಿಸಿದ ಉಪಾಧ್ಯಾಯರು, ಪಟ್ಟಣದಲ್ಲಿ ದೊರೆತ ಉಚಿತ ವಸತಿ. ಇಂದಿಗೂ ಬೇಕಾದುವು ಈ ಮೂರೇ. ಮಗು ಎರಡು ದಿನ ನಡೆಯಬೇಕಾದ ಅವಶ್ಯಕತೆ ಮಾತ್ರ ಇಂದು ಇರಬಾರದು.

ಯಾವ ಮಗು ಪ್ರತಿಭಾವಂತ ಎಂಬುದನ್ನು ತಿಳಿಯುವುದು ಹೇಗೆ? ಕೇವಲ ಅಂಕಗಳಿಂದ ಅಳೆಯುವುದು ಸಾಲದು. ಬಾಯಿಪಾಠದಲ್ಲಿ ಮುಂದಿರುವ ಮಗು ಬೇರೆ, ಹೊಸ ಲೆಕ್ಕವನ್ನು ತನ್ನದೇ ಹಾದಿಯಲ್ಲಿ ಬಿಡಿಸುವ ಮಗು ಬೇರೆ. ಒಂದೇ ವಿಷಯದಲ್ಲಿ ಮುಳುಗಿ ಉಳಿದವುಗಳನ್ನು ಕಡೆಗಣಿಸುವ ಮಕ್ಕಳೂ ಇದ್ದಾರೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಕುಂಭಕೋಣದ ಕಾಲೇಜಿನಲ್ಲಿ ಗಣಿತದ ಹೊರತು ಇತರ ವಿಷಯಗಳಲ್ಲಿ ತೇರ್ಗಡೆಯಾಗದೆ ವಿದ್ಯಾರ್ಥಿವೇತನವನ್ನು ಕಳೆದುಕೊಂಡುದು ಪ್ರಸಿದ್ಧವಾಗಿದೆ. ಪ್ರಶ್ನೆ ಕೇಳಿ ಕಾಡುವವನನ್ನು ತುಂಟನೆಂದೂ, ಪಾಠ ಬೇಗ ಮುಗಿಸಿ ಬೇಸರದಿಂದ ಕಿಟಕಿಯಾಚೆ ನೋಡುವವಳನ್ನು ಸೋಮಾರಿಯೆಂದೂ ಗದರಿಸುವ ಮೊದಲು ಉಪಾಧ್ಯಾಯರು ಒಂದು ಕ್ಷಣ ಯೋಚಿಸಬೇಕು. ಗಡಿನಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬಡಗ, ಲಂಬಾಣಿ ಆಡುವವರು ಅನೇಕರಿದ್ದಾರೆ. ಪುಸ್ತಕದ ಕನ್ನಡದಲ್ಲಿ ತಡವರಿಸುವ ಮಗುವಿನ ಬುದ್ಧಿಯೇ ಮಂದವೆಂದು ತೀರ್ಮಾನಿಸಿದರೆ, ಪರಭಾಷೆಯ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಆಗುವ ಅನ್ಯಾಯವನ್ನೇ ನಾವು ಇನ್ನೊಬ್ಬರ ಮಕ್ಕಳಿಗೆ ಮಾಡಿದಂತಾಗುತ್ತದೆ.

ಈಗ ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಜವಾಹರ ನವೋದಯ ವಿದ್ಯಾಲಯ. ಗ್ರಾಮಾಂತರದ ಪ್ರತಿಭಾವಂತ ಮಕ್ಕಳಿಗಾಗಿಯೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅಂಗವಾಗಿ ರೂಪುಗೊಂಡ ಈ ಕೇಂದ್ರ ಸರಕಾರದ ಶಾಲೆಗಳಲ್ಲಿ ಪ್ರವೇಶ ಆರನೆಯ ತರಗತಿಗೆ. ಊಟ, ವಸತಿ, ಬಟ್ಟೆ, ಪುಸ್ತಕಗಳು ಉಚಿತ. ಜಿಲ್ಲೆಯೊಂದಕ್ಕೆ ಹೆಚ್ಚೆಂದರೆ 80 ಸ್ಥಾನಗಳು. ಅವುಗಳಲ್ಲಿ ಕನಿಷ್ಠ ನೂರಕ್ಕೆ 75 ಗ್ರಾಮಾಂತರದ ಮಕ್ಕಳಿಗೆ, ಮೂರನೆಯ ಒಂದು ಪಾಲು ಹುಡುಗಿಯರಿಗೆ. ಆಯ್ಕೆಯ ಪರೀಕ್ಷೆ ಎರಡು ಗಂಟೆಗಳದು: ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳು, ಅಂಕಗಣಿತದ 20, ಭಾಷೆಯ 20, ಒಟ್ಟು 100 ಅಂಕಗಳು. ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದೆಂಬುದನ್ನು ಎಷ್ಟು ಮಂದಿ ತಂದೆತಾಯಿಗಳು ಬಲ್ಲರು? ಕನ್ನಡದಲ್ಲಿ ಓದಿದ ಮಗುವಿನ ಅರ್ಜಿಯಲ್ಲಿ, ತುಂಬಿಸುವವರ ಅಜಾಗರೂಕತೆಯಿಂದ ಬೇರೊಂದು ಭಾಷೆ ನಮೂದಾದರೆ, ಮಗು ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆಯನ್ನು ಬಿಡಿಸಿ ನೋಡಿ ಅಳುವುದೊಂದೇ ಉಳಿಯುತ್ತದೆ. ಈ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯಲು ಅವಕಾಶವಿಲ್ಲ. ಮಗು ಐದನೆಯ ತರಗತಿಯನ್ನು ಅದೇ ಜಿಲ್ಲೆಯ ಅಂಗೀಕೃತ ಶಾಲೆಯಲ್ಲಿ ಓದುತ್ತಿರಬೇಕು. ಗ್ರಾಮಾಂತರದ ಪಾಲಿಗೆ ಸೇರಲು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿಯೇ ಪೂರೈಸಿರಬೇಕು. ಜಾಣ ಮಗುವನ್ನು ಮೂರನೆಯ ತರಗತಿಯಲ್ಲೇ ಪೇಟೆಯ ಶಾಲೆಗೆ ಸಾಗಿಸುವವರು ಈ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆಂಬುದನ್ನು ಗಮನಿಸಬೇಕು. ಹಳ್ಳಿಯ ಕನ್ನಡ ಶಾಲೆ ಇಲ್ಲಿ ಅಡ್ಡಿಯಲ್ಲ, ಅರ್ಹತೆ.

ಕಾಸರಗೋಡಿನವರಿಗೆ ಪೆರಿಯದಲ್ಲಿ, ಜತ್ತದವರಿಗೆ ಸಾಂಗಲಿ ಜಿಲ್ಲೆಯ ಪಲೂಸದಲ್ಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ಜಿಲ್ಲೆಯ ಪೋಖರಾಪುರದಲ್ಲಿ ನವೋದಯ ವಿದ್ಯಾಲಯಗಳಿವೆ. ಹಿಂದಿನ ಅನಂತಪುರ ಜಿಲ್ಲೆಗೆಂದು ಲೇಪಾಕ್ಷಿಯಲ್ಲಿ ತೆರೆದದ್ದು ಮಡಕಶಿರಾದ ನೆರೆಯಲ್ಲಿಯೇ ಇದೆ. ತಮಿಳುನಾಡಿನಲ್ಲಿ ಮಾತ್ರ, ಹಿಂದಿಯ ಪ್ರಶ್ನೆಯ ಕಾರಣದಿಂದ, ಈ ಯೋಜನೆ ಆರಂಭವಾದ ಮೇಲೆ ದಶಕಗಳು ಕಳೆದರೂ ಒಂದೂ ನವೋದಯ ತೆರೆಯಲಿಲ್ಲ. ತಾಳವಾಡಿಯ, ಹೊಸೂರಿನ, ನೀಲಗಿರಿಯ ಮಕ್ಕಳು ಎರಡು ಸರಕಾರಗಳ ವಾದದ ನಡುವೆ ಸಿಕ್ಕಿ ಈ ಅವಕಾಶದಿಂದ ದೂರ ಉಳಿದರು.

ನವೋದಯದಲ್ಲಿ ಒಂದು ಕೊರತೆಯುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವರ್ಷಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಬೋಧಿಸಿ, ಅನಂತರ ಗಣಿತ ವಿಜ್ಞಾನಗಳಿಗೆ ಇಂಗ್ಲಿಷನ್ನೂ ಸಮಾಜ ವಿಜ್ಞಾನಕ್ಕೆ ಹಿಂದಿಯನ್ನೂ ಬಳಸುವುದು ಅದರ ಮೂಲ ಯೋಜನೆ. ಆ ಪ್ರಾದೇಶಿಕ ಭಾಷೆ ಸಾಮಾನ್ಯವಾಗಿ ರಾಜ್ಯದ ಭಾಷೆಯೇ ಆಗಿರುತ್ತದೆ. ಕನ್ನಡದಲ್ಲಿ ಪರೀಕ್ಷೆ ಬರೆದು ಗೆದ್ದ ಮಗು ಒಳಗೆ ಹೋದಮೇಲೆ ಕನ್ನಡವನ್ನು ಮರೆಯುವ ಸಂಭವವಿದೆ. ಇದಕ್ಕೆ ಮಗುವನ್ನು ಕಳುಹದಿರುವುದು ಪರಿಹಾರವಲ್ಲ. ರಜೆಗಳಲ್ಲಿ ಮನೆಗೆ ಬಂದಾಗ ಕೈಗೆ ಕನ್ನಡ ಪುಸ್ತಕಗಳನ್ನು ಕೊಡುವುದು, ತಾಯಿತಂದೆ ಕನ್ನಡದಲ್ಲಿಯೇ ಪತ್ರ ಬರೆಯುವುದು, ಊರಿನ ಹಬ್ಬ ಯಕ್ಷಗಾನ ಭಜನೆಗಳಿಗೆ ಕರೆತರುವುದು, ಇವು ನಮ್ಮ ಕೈಯಲ್ಲಿಯೇ ಇರುವ ಪರಿಹಾರಗಳು.

ಎರಡನೆಯ ದಾರಿ ಸೈನಿಕ ಶಾಲೆ. ವಿಜಾಪುರದ ಸೈನಿಕ ಶಾಲೆ 1963ರಲ್ಲಿಯೂ ಕೊಡಗಿನ ಕೂಡಿಗೆಯದು 2007ರಲ್ಲಿಯೂ ಆರಂಭವಾದುವು. ಜತ್ತ, ಅಕ್ಕಲಕೋಟೆಗಳಿಗೆ ವಿಜಾಪುರವೂ ವಯನಾಡಿಗೆ ಕೂಡಿಗೆಯೂ ದೂರವಲ್ಲ. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳು ಅರ್ಹರು. 2021–22ರಿಂದ ಹುಡುಗಿಯರಿಗೂ ಪ್ರವೇಶವುಂಟು. ಆದರೆ ಬೋಧನೆ ಇಂಗ್ಲಿಷಿನಲ್ಲಿ. ಶುಲ್ಕವೂ ಹಗುರವಲ್ಲ, ವಿದ್ಯಾರ್ಥಿವೇತನ ದೊರೆತರೆ ಮಾತ್ರ ಬಡವನಿಗೆ ಸಾಧ್ಯ. ಶಾಲೆಯಿರುವ ರಾಜ್ಯದವರಿಗೆ ನೂರಕ್ಕೆ 67 ಸ್ಥಾನಗಳೂ ಹೊರಗಿನವರಿಗೆ 33 ಸ್ಥಾನಗಳೂ ಮೀಸಲು. ಆದುದರಿಂದ ಜತ್ತದ ಕನ್ನಡದ ಹುಡುಗ ಕಣ್ಣಳತೆಯ ವಿಜಾಪುರದಲ್ಲಿ ಹೊರನಾಡಿನವನೆಂದೇ ಎಣಿಸಲ್ಪಡುತ್ತಾನೆ. ಗಡಿಯ ಗೆರೆ ಹೊಲದ ಬದುವಿನ ಮೇಲೆ ಮಾತ್ರವಲ್ಲ, ಮಗುವಿನ ಅರ್ಜಿಯ ಮೇಲೂ ಹಾದುಹೋಗುತ್ತದೆಂಬುದಕ್ಕೆ ಇದೊಂದು ಉದಾಹರಣೆ.

ಮೂರನೆಯದು ಗಡಿ ದಾಟಿ ಕರ್ನಾಟಕದಲ್ಲಿ ಓದುವುದು. ತುಮಕೂರಿನ ಸಿದ್ಧಗಂಗಾ ಮಠ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠ ಇವು ಜಾತಿಮತಗಳ ಭೇದವಿಲ್ಲದೆ ಬಡ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ನೀಡುತ್ತ ಬಂದಿರುವುದನ್ನು ನಾಡೇ ಬಲ್ಲುದು. ಮೂಡುಬಿದಿರೆಯ ಬಳಿಯ ಪುತ್ತಿಗೆಯಲ್ಲಿ ಆಳ್ವಾಸ್ ಸಂಸ್ಥೆಯ ಕನ್ನಡ ಮಾಧ್ಯಮ ಶಾಲೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ದ ಮಕ್ಕಳಿಗೆ ಉಚಿತ ವಿದ್ಯೆ ವಸತಿಗಳನ್ನು ಕೊಡುತ್ತದೆ. ಜಾಣತನಕ್ಕೂ ಕನ್ನಡಕ್ಕೂ ವೈರವಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಹತ್ತು ವರ್ಷದ ಮಗುವನ್ನು ದೂರ ಕಳುಹುವ ಮೊದಲು ಅದರ ಮನಸ್ಸನ್ನು ಕೇಳಬೇಕು. ಬುದ್ಧಿ ಮುಂದಿದ್ದ ಮಾತ್ರಕ್ಕೆ ಮನಸ್ಸೂ ಬಲಿತಿರುತ್ತದೆಂದು ತಿಳಿಯಬಾರದು. ಏಳನೆಯವರ ಲೆಕ್ಕ ಬಿಡಿಸುವ ಹುಡುಗಿಯೂ ರಾತ್ರಿ ಅಮ್ಮನ ಮಗ್ಗುಲಲ್ಲಿಯೇ ಮಲಗುವ ಮಗು.

ನಾಲ್ಕನೆಯದು ಎಲ್ಲರಿಗೂ ಹತ್ತಿರವಾದುದು: ಊರಿನಲ್ಲಿಯೇ ಇದ್ದು ವಿದ್ಯಾರ್ಥಿವೇತನದ ಪರೀಕ್ಷೆಗಳನ್ನು ಬರೆಯುವುದು. ಕೇರಳದಲ್ಲಿ ಎಲ್.ಎಸ್.ಎಸ್., ಯು.ಎಸ್.ಎಸ್. ಎಂದು ಬಹುಕಾಲದಿಂದ ಹೆಸರಾದ, ನಾಲ್ಕನೆಯ ಮತ್ತು ಏಳನೆಯ ತರಗತಿಗಳ ಪರೀಕ್ಷೆಗಳನ್ನು ಕನ್ನಡ ಮಾಧ್ಯಮದ ಮಕ್ಕಳೂ ಬರೆಯುತ್ತ ಬಂದಿದ್ದಾರೆ. ಮಹಾರಾಷ್ಟ್ರದ ಪರೀಕ್ಷಾ ಪರಿಷತ್ತಿನ ವಿದ್ಯಾರ್ಥಿವೇತನ ಪರೀಕ್ಷೆಯ ಏಳು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಅದು ಹಿಂದೆ ನಾಲ್ಕು ಮತ್ತು ಏಳನೆಯ ಇಯತ್ತೆಗಳಿಗಿದ್ದು, 2016–17ರಲ್ಲಿ ಐದು ಮತ್ತು ಎಂಟಕ್ಕೆ ಸರಿದು, ಮತ್ತೆ ಹಳೆಯ ಇಯತ್ತೆಗಳತ್ತ ತಿರುಗಿದೆ. ಆದುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದದೆ ನೆನಪಿನ ಮೇಲೆ ನಡೆಯಬಾರದು. ಇವೆಲ್ಲಕ್ಕಿಂತ ದೊಡ್ಡದು, 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ಎಂಬ ಕೇಂದ್ರ ಸರಕಾರದ ವಿದ್ಯಾರ್ಥಿವೇತನ. ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳು ಎಂಟನೆಯ ತರಗತಿಯಲ್ಲಿ ಇದನ್ನು ಬರೆಯಬಹುದು. ತಂದೆತಾಯಿಗಳ ವಾರ್ಷಿಕ ಆದಾಯ 3,50,000 ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನಗಳು ಮೀಸಲಾಗಿವೆ. ಇದು ನವೋದಯದಂತಹ ವಸತಿ ಶಾಲೆಗಳವರಿಗೆ ಇಲ್ಲ. ಊರಿನ ಶಾಲೆಯಲ್ಲಿಯೇ ಉಳಿದವರಿಗೆಂದೇ ಇರುವುದು. ನಾಲ್ಕು ವರ್ಷಗಳ 48,000 ರೂಪಾಯಿ ಒಬ್ಬ ಕೂಲಿಕಾರನ ಮಗಳನ್ನು ಶಾಲೆಯಲ್ಲಿ ಉಳಿಸಲು ಸಾಲದೆಂದು ಯಾರು ಹೇಳಬಲ್ಲರು?

ಇಷ್ಟು ದಾರಿಗಳಿದ್ದರೂ ನಿಜವಾದ ಪ್ರಶ್ನೆ ಉಳಿದೇ ಇದೆ. ನವೋದಯಕ್ಕೆ ಜಿಲ್ಲೆಯಿಂದ 80 ಮಕ್ಕಳು ಹೋಗುತ್ತಾರೆ. ಒಂದು ಅಂಕದಿಂದ ತಪ್ಪಿದವರ ಗತಿಯೇನು? ಅವರು ದಡ್ಡರೇ? ಪರೀಕ್ಷೆ ಆಯ್ಕೆಯ ಸಾಧನವೇ ಹೊರತು ಮಗುವಿನ ಮೇಲಿನ ತೀರ್ಪಲ್ಲ. ಬಹುಸಂಖ್ಯೆಯ ಪ್ರತಿಭಾವಂತರು ಊರಿನ ಶಾಲೆಯಲ್ಲಿಯೇ ಉಳಿಯುವವರಾದುದರಿಂದ, ಅವರ ಮುಖ್ಯ ದಾರಿ ಊರಿನ ಶಾಲೆಯೇ. ಅದನ್ನು ಬಲಪಡಿಸದೆ ಉಳಿದ ದಾರಿಗಳ ಮಾತನ್ನಾಡುವುದು ಕೆರೆಯನ್ನು ಬತ್ತಿಸಿ ಬಿಂದಿಗೆಗಳನ್ನು ಹಂಚಿದಂತೆ.

ಆದುದರಿಂದ ಪ್ರತಿಯೊಂದು ಗ್ರಾಮದ ಸಮಿತಿಯವರಲ್ಲಿಯೂ ನಮ್ಮ ವಿಜ್ಞಾಪನೆ ಇದು. ಶಾಲೆ ತೆರೆದ ಮೊದಲ ತಿಂಗಳಿನಲ್ಲಿ ಉಪಾಧ್ಯಾಯರೊಡನೆ ಕುಳಿತು, ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಕಲಿಕೆಗೆ ವಿಶೇಷ ಒಲವು ತೋರುವ ಮಕ್ಕಳ ಪಟ್ಟಿಯೊಂದನ್ನು ಮಾಡಿರಿ. ಅದರಲ್ಲಿ ಹುಡುಗಿಯರು ಹುಡುಗರಷ್ಟೇ ಇಲ್ಲದಿದ್ದರೆ, ಪಟ್ಟಿ ಮಾಡಿದವರ ಕಣ್ಣಿನಲ್ಲಿಯೇ ದೋಷವಿದೆಯೆಂದು ತಿಳಿದು ಇನ್ನೊಮ್ಮೆ ನೋಡಿರಿ. ಹರಿಜನ ಕೇರಿಯ, ಹಾಡಿಯ, ತಾಂಡಾದ ಮಕ್ಕಳನ್ನು ಮರೆಯಬೇಡಿರಿ. ವಾರಕ್ಕೊಂದು ದಿನ, ಶನಿವಾರವೋ ಭಾನುವಾರವೋ, ಎರಡು ಗಂಟೆಗಳ ಕಾಲ ಈ ಮಕ್ಕಳನ್ನು ಸೇರಿಸಿ ಲೆಕ್ಕ, ವಿಜ್ಞಾನದ ಪ್ರಯೋಗ, ಓದು, ಚರ್ಚೆಗಳನ್ನು ನಡೆಸಿರಿ. ಊರಿನಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಕಾಲೇಜಿನಲ್ಲಿ ಓದುವ ಅಣ್ಣಂದಿರು ಅಕ್ಕಂದಿರು ಇದ್ದಾರೆ. ಅವರಿಗೆ ಒಂದು ಲೋಟ ಕಾಫಿಯನ್ನೂ ಒಂದು ಗೌರವದ ಮಾತನ್ನೂ ಕೊಟ್ಟರೆ ಸಂತೋಷದಿಂದ ಬರುತ್ತಾರೆ. ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನು ಸಂಗ್ರಹಿಸಿ ಒಂದು ಕಟ್ಟಾಗಿ ಗ್ರಂಥಾಲಯದಲ್ಲಿಡಿರಿ. ಆದಾಯ, ವಾಸಸ್ಥಳ, ಜಾತಿಗಳ ಪ್ರಮಾಣಪತ್ರಗಳನ್ನು ಕಡೆಯ ದಿನದವರೆಗೆ ಬಿಡದೆ ಮೊದಲೇ ಮಾಡಿಸಿರಿ. ಅರ್ಜಿ ತುಂಬುವಾಗ ಪರೀಕ್ಷೆಯ ಭಾಷೆ ಕನ್ನಡವೆಂದು ಬರೆದಿದೆಯೇ ಎಂಬುದನ್ನು ಇಬ್ಬರು ಓದಿ ನೋಡಿರಿ. ಪರೀಕ್ಷೆಯ ದಿನ ಬಸ್ಸಿನ ಖರ್ಚಿಗೆ ಹಣವಿಲ್ಲದೆ ಒಂದು ಮಗುವೂ ಮನೆಯಲ್ಲಿ ಉಳಿಯದಂತೆ ಒಂದು ಸಣ್ಣ ನಿಧಿಯನ್ನು ಕೂಡಿಸಿರಿ.

ತರಗತಿಗಳನ್ನು ಹಾರಿಸಿ ಮೇಲಕ್ಕೆ ಕೂರಿಸುವ ಹಳೆಯ ಪದ್ಧತಿಯನ್ನು ಕೆಲವರು ಸೂಚಿಸುವುದುಂಟು. ನಮಗೆ ಅದು ಹಿತವೆನಿಸದು. ಮಗುವಿಗೆ ಬೇಕಾದುದು ಬೇಗ ಮುಗಿಯುವ ಪಾಠವಲ್ಲ, ಆಳವಾದ ಪಾಠ. ತನ್ನ ಲೆಕ್ಕ ಮುಗಿಸಿದ ಹುಡುಗನಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕಗಳನ್ನು ಕೊಡುವುದು ಶಿಕ್ಷೆ. ಬೇರೆ ಬಗೆಯ ಒಂದು ಕಠಿನ ಲೆಕ್ಕವನ್ನು ಕೊಡುವುದು ಶಿಕ್ಷಣ.

ಸರಕಾರಗಳಲ್ಲಿಯೂ ನಮ್ಮ ಕೇಳಿಕೆಗಳಿವೆ. ಅವು ದಾನದ ಬೇಡಿಕೆಗಳಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯಗಳನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ಗಣಿತ ವಿಜ್ಞಾನಗಳಿಗೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಒಬ್ಬೊಬ್ಬರಾದರೂ ಉಪಾಧ್ಯಾಯರಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸುತ್ತದೆ. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯವರೆಗೆ, ಮೇಲಾಗಿ ಎಂಟನೆಯವರೆಗೆ ಮನೆಮಾತಿನಲ್ಲಿ ಬೋಧನೆಯಿರಬೇಕೆಂದೂ, ವಿಶೇಷ ಪ್ರತಿಭೆಯ ಮಕ್ಕಳನ್ನು ಗುರುತಿಸಿ ಪ್ರೋತ್ಸಾಹಿಸಬೇಕೆಂದೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದಿದೆ. ಕಾಗದದ ಮೇಲೆ ಇಷ್ಟೆಲ್ಲ ಇರುವಾಗ, ಕನ್ನಡ ಬಾರದವರನ್ನು ಕನ್ನಡ ವಿಭಾಗಕ್ಕೆ ನೇಮಿಸಿದರೆಂದು ಕಾಸರಗೋಡಿನಲ್ಲಿ ಮಕ್ಕಳೂ ಪೋಷಕರೂ ಪ್ರತಿಭಟಿಸಬೇಕಾಗಿ ಬಂದುದು ದುರ್ದೈವ. ಜಾಣ ವಿದ್ಯಾರ್ಥಿಯ ಪ್ರಶ್ನೆ ಅರ್ಥವಾಗದ ಉಪಾಧ್ಯಾಯರು ಅದಕ್ಕೆ ಉತ್ತರ ಕೊಡುವುದೆಂತು?

ಕರ್ನಾಟಕ ಸರಕಾರಕ್ಕೂ ಒಂದು ಮಾತು. ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣಗಳ ಪ್ರವೇಶದಲ್ಲಿ ಗಡಿನಾಡಿನ ನಿಗದಿತ ತಾಲ್ಲೂಕುಗಳ ಕನ್ನಡ, ತುಳು, ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳನ್ನು ಅರ್ಹರೆಂದು ಎಣಿಸುವ ವಿಧಿಯುಂಟು. ಅದಕ್ಕೆ ನಾವು ಕೃತಜ್ಞರು. ಆದರೆ ಆ ಬಾಗಿಲು ತೆರೆಯುವುದು ಹನ್ನೆರಡನೆಯ ತರಗತಿ ಮುಗಿದ ಮೇಲೆ. ಅಲ್ಲಿಯವರೆಗೆ ತಲುಪದೆ ಹಾದಿಯಲ್ಲಿಯೇ ನಿಂತವರಿಗೆ ಅದರಿಂದ ಏನು ಪ್ರಯೋಜನ? ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು ಆರನೆಯ ತರಗತಿಯಿಂದ ನಡೆಯುತ್ತಿವೆ. ಗಡಿಗೆ ಹೊಂದಿದ ತಾಲ್ಲೂಕುಗಳಲ್ಲಿರುವ ಇಂತಹ ಶಾಲೆಗಳಲ್ಲಿ ಗಡಿಯಾಚೆಯ ಕನ್ನಡ ಶಾಲೆಗಳಿಂದ ಬರುವ ಮಕ್ಕಳಿಗೆ ಕೆಲವು ಸ್ಥಾನಗಳನ್ನು ಸ್ಪಷ್ಟ ನಿಯಮದ ಮೂಲಕ ಮೀಸಲಿಡಬೇಕೆಂಬುದು ನಮ್ಮ ಕೇಳಿಕೆ. ಹದಿನೇಳರ ಯುವಕನಿಗೆ ತೋರಿಸುವ ಔದಾರ್ಯವನ್ನು ಹತ್ತರ ಮಗುವಿಗೂ ತೋರಿಸುವುದು ನ್ಯಾಯ.

ಬಂಧುಗಳೇ, ನಾವು ಆರಂಭದಲ್ಲಿ ನೆನೆದ ಆ ತಂದೆಯ ಮೂರು ಪ್ರಶ್ನೆಗಳನ್ನು ಮರೆಯಬೇಡಿರಿ. ಯಾವ ಶಾಲೆ? ಎಲ್ಲಿದೆ? ಎಷ್ಟು ಖರ್ಚು? ಮುಂದಿನ ಬಾರಿ ಊರಿನ ಮಾಸ್ತರರು ಒಂದು ಮನೆಯ ಜಗಲಿಯ ಮೇಲೆ ಕುಳಿತು ಮಗುವಿನ ಜಾಣತನವನ್ನು ಹೊಗಳುವಾಗ, ಸಮಿತಿಯ ಒಬ್ಬ ಸದಸ್ಯರೂ ಅವರ ಜೊತೆಯಲ್ಲಿರಲಿ. ಆ ಸದಸ್ಯರ ಕೈಯಲ್ಲಿ ಅರ್ಜಿಯ ನಮೂನೆಯೂ ಕಡೆಯ ದಿನಾಂಕವೂ ಇರಲಿ. ಆ ಮಗು ನವೋದಯಕ್ಕೆ ಹೋಗಲಿ, ಮಠದ ವಿದ್ಯಾರ್ಥಿನಿಲಯಕ್ಕೆ ಹೋಗಲಿ, ಊರಿನ ಶಾಲೆಯಲ್ಲಿಯೇ ಉಳಿಯಲಿ, ನಾವು ಸಂತೋಷಪಡೋಣ. ದಾರಿ ಗೊತ್ತಿಲ್ಲವೆಂಬ ಕಾರಣದಿಂದ ಒಂದು ಮಗುವೂ ಹಿಂದುಳಿಯದಿರಲಿ. ಈ ಜೂನಿನಲ್ಲಿ ನಿಮ್ಮ ಊರಿನ ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೆಂಬುದನ್ನು ನಮಗೆ ಬರೆದು ತಿಳಿಸಿರಿ.